ಹೊರೆಯವಳ ಮೂರು ಚೀಟಿ

ಅಕ್ಕ ಮೂರು ಚೀಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. ಇಟ್ಟ ಮೇಲೂ ಸಮಾಧಾನವಾಗದೆ, ತನ್ನ ಹಲ್ಲುಸೆಟ್ಟಿನ ಲ್ಯಾಬಿನಲ್ಲಿ ಪ್ಲಾಸ್ಟರಿನ ದವಡೆಯ ಮೇಲೆ ಹಲ್ಲು ಜೋಡಿಸುವಾಗ ಮಾಡುವಂತೆ, ಉಗುರಿನ ತುದಿಯಿಂದ ತಳ್ಳಿ ಅವುಗಳ ಅಂಚುಗಳನ್ನು ಕೂಡಿಸಿದಳು.

"ಈಗ ಮೂರನ್ನೂ ಒಟ್ಟಿಗೆ ಆಡ್ತೀನಿ," ಅಂದಳು.

ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದ ಸ್ಟೀರಿಂಗ್ ಹಾಗೇ ಉಳಿದ. ಬಿಸ್ಕತ್ತಿನ ನೆನೆದ ಅರ್ಧ ಲೋಟದೊಳಗೆ ಕಳಚಿ ಬಿತ್ತು. ಊರಿನ ಬಸ್ಸು ಓಡಿಸುವ ಅವನಿಗೆ ಆ ಅಡ್ಡಹೆಸರು ಬಿಟ್ಟರೆ ಬೇರೆ ಹೆಸರಿದೆಯೆಂಬುದು ಈ ಮೇಜಿನಲ್ಲಿ ಯಾರಿಗೂ ನೆನಪಿರಲಿಲ್ಲ. ಅವನ ಎದುರು ಕೂತಿದ್ದ ಮೇಷ್ಟ್ರು ಕನ್ನಡಕವನ್ನು ಹಣೆಗೆ ಏರಿಸಿ ಚೀಟಿಗಳ ಕಡೆ ಬಗ್ಗಿದರು. ಮೇಜಿನ ತಲೆಯ ಕಡೆ, ನಿಲ್ಲಿಸಿದ ರಟ್ಟಿನ ಹಿಂದೆ, ಅಕ್ಕನ ತಮ್ಮ ಕೂತಿದ್ದ. ಆಟದ ಕಥೆ ನಡೆಸುವವನು ಅವನು. ರಟ್ಟಿನ ಮರೆಯಲ್ಲಿ ಅವನ ನಕ್ಷೆಗಳು, ದಾಳಗಳು, ಮುಂದೆ ಏನಾಗಬೇಕೆಂದು ಬರೆದುಕೊಂಡ ಹಾಳೆಗಳು ಇದ್ದವು. ಎಡಗೈಯ ಹತ್ತಿರ ಒಂದು ಹಸಿರು ನೋಟ್‌ಬುಕ್ಕು ಇತ್ತು.

ಮೂರು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಅವನ ಮನೆಯ ಊಟದ ಮೇಜು ಬೇರೊಂದು ರಾಜ್ಯವಾಗುತ್ತಿತ್ತು. ಗೊತ್ತಿಲ್ಲದವರಿಗೆ ಆಟವನ್ನು ವಿವರಿಸುವುದು ಕಷ್ಟ. ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳುವುದು. ಆಗುತ್ತದೋ ಇಲ್ಲವೋ ಎಂಬುದನ್ನು ನಿಯಮದ ಪುಸ್ತಕ ಮತ್ತು ಇಪ್ಪತ್ತು ಮುಖದ ದಾಳ ತೀರ್ಮಾನಿಸುವುದು. ಪಾತ್ರ ಬಲಿಯುತ್ತ ಹೋದಂತೆ ಒಂದೊಂದೇ ಶಕ್ತಿ ಆರಿಸಿಕೊಳ್ಳಬಹುದು, ಆರಿಸಿಕೊಂಡದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಸ್ಟೀರಿಂಗ್ ಬೆಂಕಿ ಆರಿಸಿಕೊಂಡಿದ್ದ, ಆಮೇಲೆ ದೊಡ್ಡ ಬೆಂಕಿ, ಆಮೇಲೆ ಅದಕ್ಕಿಂತ ದೊಡ್ಡ ಬೆಂಕಿ. ಮೇಷ್ಟ್ರ ಖಡ್ಗವೀರನಿಗೆ ಖಡ್ಗದ ಹೊರತು ಬೇರೆ ಯೋಚನೆ ಇರಲಿಲ್ಲ. ಎಂಟು ತಿಂಗಳು ತಡವಾಗಿ ಆಟಕ್ಕೆ ಬಂದ ಅಕ್ಕ, ಯಾರಾಗ್ತೀಯ ಎಂದು ತಮ್ಮ ಕೇಳಿದಾಗ, ಸಾಮಾನು ಹೊರುವವಳು ಬೇಕಲ್ವಾ ನಿಮಗೆ ಎಂದು ಕೇಳಿದ್ದಳು. ಹಾಗೆ ಹೊರೆಯವಳು ಹುಟ್ಟಿದಳು.

ಹೊರೆಯವಳು ಆರಿಸಿಕೊಂಡ ಶಕ್ತಿಗಳನ್ನು ನೋಡಿ ಎರಡು ವರ್ಷ ಎಲ್ಲರೂ ನಕ್ಕಿದ್ದರು. ಮೊದಲನೆಯದು ಪಾಲು: ಪಕ್ಕದಲ್ಲಿರುವವರಿಗೆ ಬೀಳಬೇಕಾದ ಏಟನ್ನು ತಾನು ತೆಗೆದುಕೊಳ್ಳುವುದು. ಸಾಯೋಕೆ ಹೊಸ ದಾರಿ ಹುಡುಕಿದೀಯಲ್ಲಕ್ಕ, ಅಂದಿದ್ದ ಸ್ಟೀರಿಂಗ್. ಎರಡನೆಯದು ಗಂಟು: ತನಗೆ ಬಿದ್ದ ಏಟನ್ನು ಆಗಲೇ ಅನುಭವಿಸದೆ ಕಟ್ಟಿ ಬೆನ್ನಿಗೆ ಹಾಕಿಕೊಳ್ಳುವುದು. ಆದರೆ ಸೂರ್ಯ ಮುಳುಗುತ್ತಲೇ ಗಂಟು ಬಿಚ್ಚಿಕೊಂಡು ಒಳಗಿರುವ ಏಟೆಲ್ಲ ಒಟ್ಟಿಗೆ ಅವಳ ಮೇಲೇ ಬೀಳುತ್ತದೆ. ಮೂರನೆಯದು ಇಳಿಸು: ಹೊತ್ತದ್ದನ್ನು, ಕೈಗೆಟುಕುವಷ್ಟು ದೂರದಲ್ಲಿ, ಎಲ್ಲಿ ಬೇಕಾದರೂ, ಯಾರ ಮೇಲೆ ಬೇಕಾದರೂ ಇಳಿಸುವುದು. ಮೂಟೆ, ಪೆಟ್ಟಿಗೆ, ಗಾಯಾಳು, ಏನಿದ್ದರೂ. ಪುಸ್ತಕದ ಕೊನೆಯ ಪುಟಗಳಲ್ಲಿ, ಯಾರೂ ಓದದ ಜಾಗದಲ್ಲಿ ಇದ್ದ ಶಕ್ತಿ ಅದು.

ಈಗ ಆಟದೊಳಗೆ ಸೂರ್ಯ ಮುಳುಗುತ್ತಿದ್ದ. ಕಲ್ಲುದೊರೆಯ ಕೋಟೆಯ ಬಾಗಿಲಲ್ಲಿ ಮೂವರೂ ದಿನವಿಡೀ ಕಾದಾಡಿದ್ದರು. ಇಬ್ಬರು ಗಂಡಸರ ಮೇಲೆ ಬಿದ್ದ ಒಂದೊಂದು ಏಟನ್ನೂ ಅಕ್ಕ ಪಾಲಿಗೆ ತೆಗೆದುಕೊಂಡು ಗಂಟು ಕಟ್ಟಿದ್ದಳು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು ಬೇಲಿಯಂತೆ ಬೆಳೆದಿದ್ದವು. ಕಲ್ಲುದೊರೆ ತಾನೇ ಬಾಗಿಲಿಗೆ ಬಂದು ಮೇಷ್ಟ್ರ ಖಡ್ಗವೀರನ ಮೇಲೆ ಕೊನೆಯ, ಎಲ್ಲಕ್ಕಿಂತ ದೊಡ್ಡ ಏಟನ್ನು ಎತ್ತಿದ್ದ.

"ಆ ಏಟು ನಾನು ತಗೊಂಡೆ. ಗಂಟಿಗೆ ಹಾಕ್ದೆ. ಗಂಟನ್ನ ಅವನ ಮೇಲೆ ಇಳಿಸ್ದೆ," ಅಂದಳು ಅಕ್ಕ. ಒಂದೊಂದು ಮಾತಿಗೆ ಒಂದೊಂದು ಚೀಟಿ ಮುಟ್ಟಿದಳು. "ಎಲ್ಲ ಸೇರಿ ನೂರ ಹನ್ನೆರಡು. ಅವನ ಪ್ರಾಣ ನೂರು ತಾನೆ?"

ಮೇಷ್ಟ್ರು ಗೀಟುಗಳನ್ನು ಎಣಿಸತೊಡಗಿದರು. ಸ್ಟೀರಿಂಗ್ ಅಕ್ಕನ ಮುಖವನ್ನೇ ನೋಡುತ್ತಿದ್ದ. ಆಮೇಲೆ, ಹೆಂಗಸು ಎರಡು ವರ್ಷದಿಂದ ಇದನ್ನ ಹೊಟ್ಟೇಲಿಟ್ಕೊಂಡು ಕೂತಿದ್ದಾಳೆ ಮೇಷ್ಟ್ರೇ, ನಾವು ಬೆಂಕಿ ಪೊಟ್ಟಣ ಹಿಡ್ಕೊಂಡು ಕುಣೀತಿದ್ವಿ, ಎಂದು ನಗಲು ಶುರುಮಾಡಿದ. ಅಕ್ಕನೂ ನಕ್ಕಳು. ಐವತ್ತೆರಡು ವರ್ಷದ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿದ್ದನ್ನು ತಮ್ಮ ಎಷ್ಟೋ ವರ್ಷಗಳ ನಂತರ ನೋಡಿದ.

ತಮ್ಮನ ಕಾಲಿನ ಹತ್ತಿರ ಒಂದು ಚೀಲದಲ್ಲಿ ಕಲ್ಲುದೊರೆಯ ನೆಲದಡಿಯ ಅರಮನೆ ಇತ್ತು. ಎಂಬತ್ತು ಕೋಣೆಗಳು. ಒಂದೊಂದು ಕೋಣೆಗೂ ಬೇರೆ ನಕ್ಷೆ, ಬೇರೆ ಬಾಗಿಲು, ಬಾಗಿಲ ಹಿಂದೆ ಬೇರೆ ಕಥೆ. ಹನ್ನೊಂದು ತಿಂಗಳು, ಕೆಲಸದಿಂದ ಬಂದ ಮೇಲೆ, ಗೀಟುಪಟ್ಟಿ ಹಿಡಿದು ಬರೆದದ್ದು. ದೊರೆ ಬಾಗಿಲಲ್ಲೇ ಸತ್ತರೆ ಅರಮನೆ ಅವನೊಂದಿಗೇ ಕುಸಿಯುತ್ತದೆ. ಇದನ್ನೂ ಅವನೇ ಹಿಂದೊಮ್ಮೆ ಆಟದಲ್ಲಿ ಒಬ್ಬ ಮುದುಕಿಯ ಬಾಯಿಂದ ಹೇಳಿಸಿಬಿಟ್ಟಿದ್ದ.

"ಮೂರು ಕೂಡಲ್ಲಕ್ಕ," ಅಂದ. "ಒಂದು ಸರದೀಲಿ ಒಂದರ ಮೇಲೊಂದು ಎರಡು ಪವರ್ ಆಡಬಹುದು. ಪುಸ್ತಕದಲ್ಲಿ ಎರಡಕ್ಕೇ ಇರೋದು. ಇಳಿಸೋದು ಮುಂದಿನ ಸರದಿಗೆ."

"ಮುಂದಿನ ಸರದಿ ಹೊತ್ತಿಗೆ ಕತ್ತಲಾಗುತ್ತಲ್ಲ."

"ಹೌದು."

ಮೇಷ್ಟ್ರು ಎಣಿಸುವುದನ್ನು ನಿಲ್ಲಿಸಿದರು. ಸ್ಟೀರಿಂಗ್, ಪುಸ್ತಕದಲ್ಲಿ ಮೂರು ಬೇಡ ಅಂತ ಇದೆಯಾ ಎಂದು ಕೇಳಿದ. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ, ಇಲ್ಲದಿರುವಾಗ ಕಥೆ ನಡೆಸುವವನ ಮಾತೇ ಕೊನೆ, ಇದು ಮೊದಲ ದಿನದಿಂದ ಇರುವ ಪದ್ಧತಿ ಎಂದು ತಮ್ಮ ಹೇಳಿದ. ಲಿಫ್ಟ್ ಇನ್‌ಸ್ಪೆಕ್ಟರ್ ಕೆಲಸದಲ್ಲಿ ಬಿಲ್ಡಿಂಗಿನ ಮಾಲೀಕರ ಜೊತೆ ಮಾತಾಡುವಾಗ ಬರುವ ದನಿಯೇ ಅದು. ಸ್ಟೀರಿಂಗ್ ಭುಜ ಕುಣಿಸಿದ.

ಅಕ್ಕ ತಮ್ಮನ ಮುಖ ನೋಡಿದಳು, ಆಮೇಲೆ ಅವನ ಎಡಗೈ ಇದ್ದ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, "ಆಯ್ತು ಬಿಡು, ನೀನು ಹೇಳಿದ ಹಾಗೆ," ಅಂದಳು.

ಸೂರ್ಯ ಮುಳುಗಿದ. ನಿಯಮದ ಪ್ರಕಾರ ಬಿಚ್ಚಿಕೊಂಡ ಗಂಟಿಗೂ ದಾಳ ಹಾಕಬೇಕು; ಅಕ್ಕನೇ ಹಾಕಿದಳು. ಇಪ್ಪತ್ತು ಬಿದ್ದರೂ ಉಳಿಯುವಂತಿರಲಿಲ್ಲ, ನಾಲ್ಕು ಬಿತ್ತು. ಅವಳು ಮೂರು ಚೀಟಿಗಳನ್ನು ಒಂದರೊಳಗೊಂದು ಮಡಚಿ ಪರ್ಸಿನಲ್ಲಿಟ್ಟುಕೊಂಡು, ಲೋಟಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಎದ್ದಳು. ಆಟ ಮುಗಿಯುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಉಳಿದ ಮೂವರೂ ಅಡುಗೆಮನೆಯ ನಲ್ಲಿಯ ಸದ್ದು ಕೇಳುತ್ತ ಕೂತರು.

ಮುಂದಿನ ಭಾನುವಾರ ಹಲ್ಲುಸೆಟ್ಟುಗಳು ತುಂಬ ಬಂದಿವೆ ಎಂದು ಅಕ್ಕ ಫೋನ್ ಮಾಡಿ ಹೇಳಿದಳು. ಅದರ ಮುಂದಿನ ಭಾನುವಾರವೂ ತುಂಬ ಬಂದಿದ್ದವು.

ಹೊಸ ಪಾತ್ರ ಬರೆದುಕೊಡ್ತೀನಿ, ಈ ಸಲ ಹೊರೋದು ಬೇಡ, ರಾಣಿ ಆಗು ಎಂದು ತಮ್ಮ ಹೇಳಿದ. ನೋಡೋಣ ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಫೋನಿನಲ್ಲಿ ಎಂದಿನಂತೆ ಅವನ ಕೆಮ್ಮು ವಿಚಾರಿಸಿದಳು, ಹೊಸ ಬಿಲ್ಡಿಂಗುಗಳ ಲಿಫ್ಟು ಹೇಗಿವೆ ಎಂದು ಕೇಳಿದಳು.

ಅಕ್ಕನಿಲ್ಲದೆ ಆಟ ನಡೆಯಿತು. ಹೊರೆಯವಳು ಸತ್ತ ಮಾರನೆಯ ಬೆಳಗ್ಗೆ ಇಬ್ಬರು ಗಂಡಸರು ಕೋಟೆಯೊಳಕ್ಕೆ ನುಗ್ಗಿದರು. ಮೂರನೆಯ ಕೋಣೆಯಲ್ಲೇ, ಪಂಜು ಯಾರ ಹತ್ತಿರ ಇದೆ ಎಂದು ತಮ್ಮ ಕೇಳಿದಾಗ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಪಂಜು, ಹಗ್ಗ, ನೀರು, ಎಲ್ಲವೂ ಹೊರೆಯವಳ ಹಾಳೆಯಲ್ಲಿದ್ದವು. ಸ್ಟೀರಿಂಗ್ ತನ್ನ ಬೆಂಕಿಯಲ್ಲೇ ದಾರಿ ಮಾಡಿಕೊಂಡು ನಡೆದ, ಅದರ ಬೆಳಕಲ್ಲಿ ಮೇಷ್ಟ್ರು ಹಿಂಬಾಲಿಸಿದರು. ಕೋಣೆ ಹೊಕ್ಕರು, ಒಳಗಿದ್ದದ್ದನ್ನು ಕೊಂದರು, ಮುಂದಿನ ಬಾಗಿಲು ಎಲ್ಲಿದೆ ಎಂದು ಕೇಳಿದರು. ಅವನು ತಿಂಗಳುಗಟ್ಟಲೆ ಬರೆದ ಕಥೆಗಳಲ್ಲಿ, ಕಂಬದಲ್ಲಿ ಸಿಕ್ಕಿಬಿದ್ದ ಅಕ್ಕಸಾಲಿ, ಒಂದೇ ಪತ್ರವನ್ನು ಮತ್ತೆ ಮತ್ತೆ ಬರೆಯುವ ದಂಡನಾಯಕ, ಇವರನ್ನು ಯಾರೂ ಮಾತಾಡಿಸಲಿಲ್ಲ. ಮಾತಾಡಿಸುತ್ತಿದ್ದದ್ದು ಅಕ್ಕ. ಯಾವ ರಾಕ್ಷಸ ಸಿಕ್ಕರೂ ಮೊದಲು ಊಟ ಆಯ್ತಾ ಎಂದು ಕೇಳುತ್ತಿದ್ದಳು.

ನಲವತ್ತನೆಯ ಕೋಣೆಯ ಹೊತ್ತಿಗೆ ಅವನು ತಾನೇ ಕೆಲವು ಬಾಗಿಲುಗಳನ್ನು ಗೋಡೆ ಮಾಡಿ ಹಾಕಿದ. ಎಂಬತ್ತು ಅರವತ್ತಾಯಿತು, ಅರವತ್ತು ನಲವತ್ತೆಂಟಾಯಿತು. ಯಾರೂ ಗಮನಿಸಲಿಲ್ಲ.

ವಾರದ ದಿನಗಳಲ್ಲಿ ಅವನ ಕೆಲಸ ಎಂದಿನಂತೆ ನಡೆಯುತ್ತಿತ್ತು. ಲಿಫ್ಟಿನ ಮಾಡಿನ ಮೇಲೆ ಕೂತು ಕತ್ತಲ ಬಾವಿಯೊಳಗೆ ಮೇಲೆ ಕೆಳಗೆ ಹೋಗಿ ಬಂದು, ಉಕ್ಕಿನ ಹಗ್ಗಗಳನ್ನು ಬಟ್ಟೆಯಲ್ಲಿ ಉಜ್ಜಿ, ಎಳೆ ಕಿತ್ತಿದೆಯೇ ನೋಡುವುದು. ಲಿಫ್ಟು ವೇಗ ಮೀರಿದರೆ ಎರಡೂ ಕಡೆಯ ಕಬ್ಬಿಣದ ದವಡೆಗಳು ಕಂಬಿಯನ್ನು ಕಚ್ಚಿ ಹಿಡಿಯುತ್ತವೆಯೇ ಎಂದು ಪರೀಕ್ಷಿಸುವುದು. ನಾನೂ ದವಡೆ ಕೆಲಸ, ನೀನೂ ದವಡೆ ಕೆಲಸ ಎಂದು ಅಕ್ಕ ಅವನನ್ನು ರೇಗಿಸುತ್ತಿದ್ದಳು. ಎಲ್ಲ ನೋಡಿದ ಮೇಲೆ 'ಸರಿಯಿದೆ' ಎಂದು ಬರೆದು ಸಹಿ ಹಾಕುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಸರಿಯಿಲ್ಲದ್ದಕ್ಕೆ ಒಮ್ಮೆಯೂ ಸರಿಯಿದೆ ಎಂದು ಬರೆದವನಲ್ಲ. ಅದು ಅವನ ಹೆಮ್ಮೆ, ಎಲ್ಲರಿಗೂ ಗೊತ್ತಿದ್ದ ಹೆಮ್ಮೆ. ಆ ತಿಂಗಳುಗಳಲ್ಲಿ ಸಹಿ ಹಾಕುವಾಗ ಎಡಗೈಯ ಮೊಣಕೈ ತಾನಾಗಿಯೇ ಹಾಳೆಯ ಮೇಲಿಂದ ಹಿಂದೆ ಸರಿಯುತ್ತಿದ್ದುದನ್ನು ಅವನೊಬ್ಬನೇ ಗಮನಿಸಿದ.

ಅಕ್ಕ ಬಾರದ ಹದಿಮೂರನೆಯ ಭಾನುವಾರ ಮೇಷ್ಟ್ರು ಹಸಿರು ನೋಟ್‌ಬುಕ್ಕಿನ ಒಂದು ಹಳೆಯ ಸಾಲನ್ನು ಓದಿದರು. ಗೋಡೆಯೊಳಗಿಂದ ಖಡ್ಗ ಬೀಸಬಹುದೋ ಇಲ್ಲವೋ ಎಂಬ ಜಗಳ ಎದ್ದು, ಹಿಂದೆ ಹೀಗೇ ಏನೋ ಆಗಿತ್ತು ಎಂದು ಹಸಿರು ನೋಟ್‌ಬುಕ್ಕನ್ನು ಎಳೆದುಕೊಂಡು ಹಾಳೆ ತಿರುವುತ್ತಿದ್ದರು. ಅದು ತೀರ್ಪಿನ ನೋಟ್‌ಬುಕ್ಕು. ಪುಸ್ತಕ ಸುಮ್ಮನಿರುವ ಕಡೆ ಈ ಮೇಜು ಏನು ತೀರ್ಮಾನಿಸಿತು ಎಂಬುದನ್ನು ನಂಬರು ಹಾಕಿ ಅದರಲ್ಲಿ ಬರೆಯುತ್ತಿದ್ದರು. ಮೊದಲ ಪುಟದಲ್ಲಿ ತಮ್ಮನ ಅಕ್ಷರದಲ್ಲೇ ಒಂದು ಸಾಲು: ಇಲ್ಲಿ ಒಮ್ಮೆ ಬರೆದದ್ದು ಎಲ್ಲರಿಗೂ, ಯಾವಾಗಲೂ.

"ಮೂವತ್ತೊಂದು," ಎಂದು ಮೇಷ್ಟ್ರು ಓದಿದರು, ಕ್ಲಾಸಿನಲ್ಲಿ ಓದುವಂತೆ. "ಒಬ್ಬರದೇ ಶಕ್ತಿಗಳಾದರೆ, ಒಂದರ ಫಲ ಮುಂದಿನದಕ್ಕೆ ಸಿಗುವಂತಿದ್ದರೆ, ಮೂರನ್ನೂ ಒಂದೇ ಸರದಿಯಲ್ಲಿ ಒಂದರ ಮೇಲೊಂದು ಆಡಬಹುದು." ಕನ್ನಡಕ ತೆಗೆದರು. "ಇದು ನಂದೇ ಕಣಯ್ಯಾ. ಮೊದಲ್ನೇ ವರ್ಷ, ನನ್ನ ಹಳೇ ಪಾತ್ರ ಗಾರುಡಿಗ ಇದ್ದನಲ್ಲ, ಅವನಿಗೆ. ಎರಡೇ ವಾರಕ್ಕೆ ಸತ್ತ, ಮರ್ತೇ ಬಿಟ್ಟಿದ್ದೆ."

ಹಾಗಾದ್ರೆ ಅಕ್ಕನ ಗಂಟು ಇಳೀಬೇಕಿತ್ತು, ಅಂದ ಸ್ಟೀರಿಂಗ್.

ತಮ್ಮ ನೋಟ್‌ಬುಕ್ಕನ್ನು ತೆಗೆದುಕೊಂಡು ಓದಿದ. ಆ ಪುಟದ ಮೇಲೆ ಲೋಟದ ತಳದ ಕಂದು ಉಂಗುರ ಇತ್ತು. ಮೂವತ್ತೊಂದು ಎಂಬ ಅಂಕಿ ಆ ಉಂಗುರದ ಒಳಗೇ ಕೂತಿತ್ತು. ಅಯ್ಯೋ, ನನಗೂ ಮರೆತೇ ಹೋಗಿತ್ತಲ್ಲ ಎಂದು ಹೇಳಿದ. ಹೇಳಿದ್ದು ಸಹಜವಾಗಿಯೇ ಬಂತು.

ಅವನಿಗೆ ಮರೆತಿರಲಿಲ್ಲ. ಅಕ್ಕ ಮೂರನೆಯ ಚೀಟಿ ಮುಟ್ಟಿದಾಗಲೇ ಆ ಕಂದು ಉಂಗುರ ಅವನ ಕಣ್ಣ ಮುಂದೆ ಬಂದಿತ್ತು. ನೋಟ್‌ಬುಕ್ಕು ಪಕ್ಕದಲ್ಲೇ ಇತ್ತು. ಅವನು ಮೊಣಕೈಯನ್ನು ಅದರ ಮೇಲೆ ಊರಿದ್ದ, ಮುಂದಕ್ಕೆ ಬಾಗಿ ಮಾತಾಡಲಿಕ್ಕೆಂಬಂತೆ. ಸೂರ್ಯ ಮುಳುಗುವವರೆಗೂ ತೆಗೆದಿರಲಿಲ್ಲ.

ಮೇಷ್ಟ್ರು ಮತ್ತು ಸ್ಟೀರಿಂಗ್ ಕೂಡಿ ತೀರ್ಮಾನ ಮಾಡಿದರು. ಮುಂದಿನ ಭಾನುವಾರ ಕೊನೆಯ ಕೋಣೆ, ಕಲ್ಲುದೊರೆಯ ಕೋಣೆ, ಮೂರು ವರ್ಷದ ಆಟ ಅಂದಿಗೆ ಮುಗಿಯುತ್ತದೆ. ಅಷ್ಟರೊಳಗೆ ಅಕ್ಕ ಮೇಜಿಗೆ ವಾಪಸ್ ಬರಬೇಕು, ಹೊರೆಯವಳು ಬದುಕಬೇಕು. ತಪ್ಪು ಮಾಡಿದವನೇ ಹೋಗಿ ಕರೆತರಲಿ. ಕಾಲಿಗೆ ಬೀಳು, ಬೀಳೋಕೆ ಬರದಿದ್ರೆ ಪವರ್ ಏನಾದ್ರೂ ಆಡು, ಎಂದ ಸ್ಟೀರಿಂಗ್.

ಶನಿವಾರ ಬೆಳಗ್ಗೆ ಅವನು ಹೋದ. ಅಕ್ಕನ ಲ್ಯಾಬು ಕನ್ನಡಕದ ಅಂಗಡಿಯ ಮೇಲೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಅವನದೇ ಸಹಿಯ ಸರ್ಟಿಫಿಕೇಟು ಗಾಜಿನ ಹಿಂದೆ ಇತ್ತು. ಅವನು ಮೆಟ್ಟಿಲು ಹತ್ತಿದ. ಹತ್ತುತ್ತ, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡ. ಮೊದಲ ಮಹಡಿಯವರೆಗೆ, ನೆನಪಿತ್ತಕ್ಕ, ಬೇಕೂಂತ ಮಾಡಿದೆ ಎಂದಿತ್ತು. ಎರಡನೆಯ ಮಹಡಿಯಲ್ಲಿ ಅದಕ್ಕೆ ಎಂಬತ್ತು ಕೋಣೆಗಳ ವಿಷಯ ಸೇರಿತು. ಮೂರನೆಯ ಮಹಡಿಯ ಬಾಗಿಲು ತಳ್ಳುವಾಗ ಏನು ಉಳಿದಿತ್ತೋ ಅವನಿಗೇ ತಿಳಿಯಲಿಲ್ಲ.

ಒಳಗೆ ಹಲ್ಲಿನ ಗುಲಾಬಿ ಒಸಡು ಮಾಡುವ ದ್ರಾವಣದ ವಾಸನೆ ಮೂಗಿಗೆ ಏರಿತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು, ಮೇಲಿನದು ಕೆಳಗಿನದು ಜೋಡಿಯಾಗಿ, ರಬ್ಬರ್ ಬ್ಯಾಂಡು ಸುತ್ತಿಸಿಕೊಂಡು, ಒಂದೊಂದರ ಹಣೆಗೂ ಒಂದೊಂದು ನಂಬರು ಅಂಟಿಸಿಕೊಂಡು ಕೂತಿದ್ದವು. ಇದೇ ಪ್ಲಾಸ್ಟರಿನಲ್ಲಿ, ಇದೇ ಗುಲಾಬಿ ಒಸಡಿನ ಸಾಮಾನಿನಲ್ಲಿ ಅಕ್ಕ ಆಟದ ಗೊಂಬೆಗಳನ್ನೆಲ್ಲ ಮಾಡಿಕೊಟ್ಟಿದ್ದಳು. ಮೇಷ್ಟ್ರ ಖಡ್ಗವೀರನ ಮೇಲಂಗಿ ಒಸಡಿನ ಬಣ್ಣದ್ದು. ಅವನ ಗುರಾಣಿ ಯಾರದೋ ಅಳತೆ ತಪ್ಪಿದ ದವಡೆಹಲ್ಲು. ಎಲ್ಲರ ಗೊಂಬೆಯನ್ನೂ ಮೊದಲು ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಗಟ್ಟಿ ಎರಕ ಹೊಯ್ದು ಕೊಟ್ಟವಳು ತನ್ನ ಹೊರೆಯವಳನ್ನು ಮಾತ್ರ ಮೇಣದಲ್ಲೇ ಬಿಟ್ಟಿದ್ದಳು. ಇನ್ನೂ ಸರಿಯಾಗಿಲ್ಲ, ಬೆನ್ನು ಸ್ವಲ್ಪ ಬಾಗಬೇಕು ಎನ್ನುತ್ತಿದ್ದಳು. ಪ್ರತಿ ಭಾನುವಾರ ಗುಲಾಬಿ ಮೇಣದ ಆ ಹೆಂಗಸು ಬೆರಳಿನಷ್ಟು ಎತ್ತರಕ್ಕೆ, ಬೆನ್ನ ಗಂಟಿಗೆ ನೀಲಿ ಹೊಲಿಗೆ ದಾರ ಬಿಗಿದುಕೊಂಡು ಮೇಜಿಗೆ ಬರುತ್ತಿದ್ದಳು.

ಅಕ್ಕ ಸ್ಪಿರಿಟ್ ದೀಪದ ಮುಂದೆ ಕೂತಿದ್ದಳು. ಬಾ, ಸ್ಟೂಲ್ ಎಳ್ಕೋ, ಅದರ ಮೇಲಿರೋ ದವಡೆ ಕೆಳಗಿಡು ಎಂದಳು. ಕೈಯಲ್ಲಿದ್ದ ಸಣ್ಣ ಚಾಕುವನ್ನು ಜ್ವಾಲೆಗೆ ಹಿಡಿದು ಬಿಸಿ ಮಾಡುತ್ತಿದ್ದಳು. ಮುಂದೆ, ಕುದುರೆ ಲಾಳದ ಆಕಾರದ ಗುಲಾಬಿ ಮೇಣದ ಕಮಾನು ಇತ್ತು. ಹಲ್ಲಿಲ್ಲದವರ ಬಾಯಿಗೆ ಅದನ್ನು ಇಟ್ಟು ಕಚ್ಚಿಸಿ ಅಳತೆ ತೆಗೆದುಕೊಳ್ಳುತ್ತಾರೆ. ಆಮೇಲೆ ಆ ಮೇಣದ ಮೇಲೆಯೇ ಹಲ್ಲುಗಳನ್ನು ಒಂದೊಂದಾಗಿ ನೆಡುತ್ತಾರೆ. ಯಾರೋ ಒಬ್ಬ ಮುದುಕ ಇದನ್ನು ಆಗಲೇ ಕಚ್ಚಿ ಹೋಗಿದ್ದ.

"ಮೂವತ್ತೊಂದನೇ ತೀರ್ಪು ಸಿಕ್ತಕ್ಕ," ಅಂದ. "ಮೇಷ್ಟ್ರು ನೋಡಿದ್ರು. ಮೂರು ಕೂಡುತ್ತೆ. ನೀನು ಹೇಳಿದ್ದೇ ಸರಿ."

"ಗೊತ್ತು," ಅಂದಳು.

ಅವಳು ಪರ್ಸು ತೆಗೆದು ಒಂದರೊಳಗೊಂದು ಮಡಚಿದ್ದ ಚೀಟಿಗಳನ್ನು ಹೊರತೆಗೆದಳು. ಇಳಿಸು ಎಂದು ಬರೆದ ಚೀಟಿಯ ಮೂಲೆಯಲ್ಲಿ, ಪೆನ್ಸಿಲಿನಲ್ಲಿ, ಸಣ್ಣದಾಗಿ, ೩೧ ಎಂದಿತ್ತು. ಆಟಕ್ಕೆ ಸೇರಿದ ಹೊಸದರಲ್ಲಿ ಅವಳು ಆ ನೋಟ್‌ಬುಕ್ಕನ್ನು ಒಂದು ವಾರ ಮನೆಗೆ ಒಯ್ದಿದ್ದಳು. ಮೊದಲಿಂದ ಕೊನೆವರೆಗೆ ಅದನ್ನು ಓದಿದವಳು ಇಡೀ ಮೇಜಿನಲ್ಲಿ ಅವಳೊಬ್ಬಳೇ ಎಂಬುದು ಅವನಿಗೆ ಈಗ ನೆನಪಾಯಿತು.

"ಮೂರನ್ನೂ ಅದನ್ನ ಓದಿಯೇ ಆರಿಸ್ಕೊಂಡೆ," ಅಂದಳು. "ಎರಡು ವರ್ಷ ಕಾದೆ ಕಣೋ. ಇಲ್ಲಿಂದ ಮನೆಗೆ ಬಸ್ಸಲ್ಲಿ ಹೋಗ್ತಾ ಯೋಚನೆ ಮಾಡ್ತಾ ಒಬ್ಬಳೇ ನಗ್ತಿದ್ದೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗಿದ್ದೂ ಉಂಟು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೋಟ್‌ಬುಕ್ಕು ತೆಗಿ ಅನ್ನೋಣ ಅಂತಿದ್ದೆ. ನಿನ್ನ ಮೊಣಕೈ ಅದರ ಮೇಲಿತ್ತು." ಚಾಕುವನ್ನು ದೀಪದಿಂದ ತೆಗೆದು ಬಟ್ಟೆಗೆ ಒರೆಸಿದಳು. "ಎತ್ತು ಅಂತ ಹೇಗೆ ಹೇಳೋದು, ಅವರಿಬ್ಬರ ಎದುರಿಗೆ."

ಕೆಳಗೆ ಕನ್ನಡಕದ ಅಂಗಡಿಯ ಷಟರು ಎತ್ತಿದ ಸದ್ದು ಕೇಳಿಸಿತು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪನ ಗೋಡೆ ಗಡಿಯಾರವನ್ನು ಬಿಚ್ಚಿ ಹಾಕಿ ಮತ್ತೆ ಜೋಡಿಸಲಾಗದೆ ಕೂತಿದ್ದ. ಬಾಗಿಲಲ್ಲಿ ಅಪ್ಪನ ಚಪ್ಪಲಿಯ ಸದ್ದಾದಾಗ ಅಕ್ಕ ಅಡುಗೆಮನೆಯಿಂದ ಬಂದು ಹಲ್ಲುಚಕ್ರಗಳ ನಡುವೆ ಕೂತಿದ್ದಳು, ಒರೆಸೋಕೆ ತೆಗೆದೆ, ಕೈಜಾರಿ ಬಿತ್ತು ಎಂದಿದ್ದಳು. ಅಂದಿನ ಏಟುಗಳನ್ನು ಅವನು ಮಂಚದ ಕೆಳಗಿನಿಂದ ಎಣಿಸಿದ್ದ. ಆಮೇಲೆ ಅವಳು ಅದರ ಬಗ್ಗೆ ಯಾವತ್ತೂ ಮಾತೆತ್ತಿರಲಿಲ್ಲ.

"ನಿಂಗೆ ಅವತ್ತು ಆ ತೀರ್ಪು ನೆನಪಿತ್ತಾ?" ಎಂದು ಕೇಳಿದಳು. ತಲೆ ಎತ್ತಿರಲಿಲ್ಲ. ಮಾತಿಗೆ ಮಾತು ಸೇರಿಸಿದಂತೆ ಕೇಳಿದಳು, ಊಟ ಆಯ್ತಾ ಎಂದು ಕೇಳುವಷ್ಟು ಮೆಲ್ಲಗೆ.

ಮೆಟ್ಟಿಲಲ್ಲಿ ಜೋಡಿಸಿಕೊಂಡದ್ದೆಲ್ಲ ಅವನ ನಾಲಿಗೆಯ ಮೇಲೆಯೇ ಇತ್ತು.

"ಇಲ್ಲಕ್ಕ," ಅಂದ. "ಮರ್ತೋಗಿತ್ತು."

"ಸರಿ," ಅಂದಳು ಅಕ್ಕ.

ಅವಳು ಎದ್ದು ಹಲಗೆಗಳ ಕಡೆ ಹೋದಳು. ಅವನು ಅವಳ ಬೆನ್ನಿಗೆ ಮಾತಾಡತೊಡಗಿದ, ಬೇಕಾದದ್ದಕ್ಕಿಂತ ವೇಗವಾಗಿ. ಆ ಭಾನುವಾರವನ್ನೇ ವಾಪಸ್ ತೆಗೆದುಕೊಳ್ಳುವುದೆಂದು ಮೂವರೂ ಒಪ್ಪಿದ್ದಾರೆ. ಸೂರ್ಯ ಮುಳುಗಿಲ್ಲ, ಮೂರು ಚೀಟಿ ಕೂಡಿವೆ, ಗಂಟು ಇಳಿದಿದೆ, ಕಲ್ಲುದೊರೆ ಬಾಗಿಲಲ್ಲೇ ಸತ್ತಿದ್ದಾನೆ ಎಂದಿಟ್ಟುಕೊಂಡು ಅಲ್ಲಿಂದ ಮುಂದಕ್ಕೆ ಆಡುವುದು.

"ಅವನು ಸತ್ತ ಮೇಲೆ ಮುಂದಕ್ಕೇನಿದೆ? ಆಟ ಮುಗೀತಲ್ಲ."

"ಮುಗೀಲಿ. ನೀನು ಮುಗಿಸಿದ ಹಾಗಾಗುತ್ತೆ."

"ಅವರಿಬ್ಬರೂ ಕೋಣೆಗಳನ್ನೆಲ್ಲ ನೋಡಿ ಆಗಿದೆ. ಅದನ್ನ ಇಲ್ಲ ಅನ್ನೋಕಾಗುತ್ತಾ?" ಅಂದಳು. ಆಮೇಲೆ, "ಚೆನ್ನಾಗಿದ್ವಾ ಕೋಣೆಗಳು?" ಎಂದು ಕೇಳಿದಳು.

ಚೆನ್ನಾಗಿದ್ವು ಎಂದು ಅವನು ಹೇಳಲಿಲ್ಲ. ನಲವತ್ತೆಂಟೇ ಆಡಿದ್ದು ಎಂದ. ಅವಳು ತಲೆಯಾಡಿಸಿದಳು, ಅದೂ ತನಗೆ ಮೊದಲೇ ಗೊತ್ತಿದ್ದ ವಿಷಯವೆಂಬಂತೆ.

ಹಲಗೆಯ ಹಿಂಬದಿಯಿಂದ ಅವಳು ಒಂದು ಪೆಟ್ಟಿಗೆ ತಂದು ಅವನ ತೊಡೆಯ ಮೇಲಿಟ್ಟಳು. ಹತ್ತಿಯ ನಡುವೆ ಕಲ್ಲುದೊರೆ ಮಲಗಿದ್ದ. ಕೊನೆಯ ಕೋಣೆಗೆ ಮಾಡಿಕೊಡುತ್ತೇನೆ ಎಂದು ಅವಳು ಒಂದು ವರ್ಷದ ಹಿಂದೆ ಹೇಳಿದ್ದಳು. ಅವನು ಅದನ್ನು ಮರೆತಿದ್ದ, ಇದನ್ನು ನಿಜವಾಗಿಯೂ ಮರೆತಿದ್ದ. ದವಡೆಯ ಅಚ್ಚಿಗೆ ಬಳಸುವ ಹಳದಿ ಗಟ್ಟಿ ಪ್ಲಾಸ್ಟರಿನಲ್ಲಿ, ಅಂಗೈಗಿಂತ ದೊಡ್ಡದಾಗಿ, ತೋಳಿನ ಒಂದೊಂದು ಬಿರುಕನ್ನೂ ಕೆತ್ತಿದ್ದಳು. ಕಿರೀಟದ ತುಂಬ ಸಣ್ಣ ಮುಂಹಲ್ಲುಗಳು. ಬಲಗೈ ಮೇಲೆತ್ತಿತ್ತು. ಮುಖದಲ್ಲಿ ಅವಳು ಒಂಚೂರು ದಿಗಿಲು ಇಟ್ಟಿದ್ದಳು, ತನ್ನ ಏಟು ಎಲ್ಲಿ ಹೋಯಿತೆಂದು ತಿಳಿಯದವನ ಹಾಗೆ.

"ಭಾರ ಇದೆ, ಎರಡೂ ಕೈಯಲ್ಲಿ ಹಿಡ್ಕೋ," ಅಂದಳು. "ನಾಳೆ ಮೇಜಿನ ಮೇಲಿಡು. ಸ್ಟೀರಿಂಗಿಗೆ ಹೇಳು, ಬಿಸ್ಕತ್ತಿನ ಕೈಯಲ್ಲಿ ಮುಟ್ಟೋದು ಬೇಡ ಅಂತ."

"ನೀನೇ ಬಂದು ಹೇಳು. ಮೂರು ಗಂಟೆಗೆ." ಅವನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹೊರೆಯವಳನ್ನೂ ತಗೊಂಡು ಬಾ. ಎಲ್ಲಿದ್ದಾಳೆ ಅವಳು?"

ಅಕ್ಕ ಮತ್ತೆ ದೀಪದ ಮುಂದೆ ಕೂತಿದ್ದಳು. ನಾಳೆ ನೋಡೋಣ, ಈ ಸೆಟ್ಟು ಸೋಮವಾರಕ್ಕೆ ಕೊಡಬೇಕು ಎಂದಷ್ಟೇ ಹೇಳಿದಳು. ಮೇಣದ ಕಮಾನನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಮುದುಕ ಕಚ್ಚಿದ ತಗ್ಗಿನ ಪಕ್ಕದಲ್ಲಿ, ಗುಲಾಬಿ ಮೇಣದೊಳಗೆ, ಕೂದಲೆಳೆಯಂಥದ್ದೊಂದು ನೀಲಿಯಾಗಿ ಕಾಣುತ್ತಿತ್ತು. ಅವನು ಪೆಟ್ಟಿಗೆ ಹಿಡಿದುಕೊಂಡೇ ಮುಂದಕ್ಕೆ ಬಾಗಿದ. ಹೊರೆಯವಳ ಗಂಟಿನ ಹೊಲಿಗೆ ದಾರದ ತುದಿ, ಅರ್ಧ ಬೆರಳಿನಷ್ಟೂ ಇಲ್ಲ.

ಅಕ್ಕ ಚಿಮಟವನ್ನು ತೆಗೆದುಕೊಂಡು ದಾರದ ತುದಿಯನ್ನು ಹಿಡಿದು, ಮೇಣ ಕಿತ್ತುಬರದಂತೆ, ನಿಧಾನವಾಗಿ ಎಳೆದಳು. ಅದು ಬಂದಾಗ ಒದ್ದೆ ಬಟ್ಟೆಯ ಮೇಲೆ ಇಟ್ಟಳು. ಅದು ಇದ್ದ ಜಾಗದಲ್ಲಿ ಮೇಣದ ಮೇಲೆ ಒಂದು ಸಣ್ಣ ಗೆರೆ ಉಳಿದಿತ್ತು. ಚಾಕುವನ್ನು ಜ್ವಾಲೆಗೆ ಹಿಡಿದು, ಬಿಸಿಯಾಗುವವರೆಗೆ ಕಾದು, ಆ ಗೆರೆಯ ಮೇಲೆ ಒಮ್ಮೆ ಎಳೆದಳು.